ಅತ್ತೆಗೊಂದು ಡಾಲ್ಬಿ

ಐನಾಪುರದ ನಮ್ಮ ಹೊಸ ಮನೆಯ ಹಾಲಿನೊಳಗೆ ಚಕ್ಕಡಿ ತಿರುಗಿಸಬಹುದು ಎಂದು ನನ್ನ ಮಾವ ಮುರಗೆಪ್ಪನವರು ಬಂದವರಿಗೆಲ್ಲ ಹೇಳುತ್ತಾರೆ. ಹಾಲಿನೊಳಗೆ ಚಕ್ಕಡಿಯನ್ನು ಯಾಕೆ ತಿರುಗಿಸಬೇಕು ಎಂದು ಇದುವರೆಗೆ ಯಾರೂ ಕೇಳಿಲ್ಲ. ಹಾಗೆ ಕೇಳುವ ಧೈರ್ಯ ಇದ್ದವರು ನನ್ನ ಅತ್ತೆ ಚನ್ನವ್ವ ಒಬ್ಬರೇ. ಈ ಕಥೆ ಅವರು ಕೇಳುವುದನ್ನೇ ಬಿಟ್ಟಿದ್ದ ದಿನಗಳದ್ದು.

ಕೆಳಗೆ ಮುಖ ಕಾಣುವಷ್ಟು ಹೊಳೆಯುವ ಗ್ರಾನೈಟು, ರಸ್ತೆಯ ಕಡೆಗೆ ನೆಲದಿಂದ ಮೇಲಿನವರೆಗೆ ಗಾಜು, ಛತ್ತಂತೂ ಎರಡು ಅಂತಸ್ತಿನ ಎತ್ತರ. ಸಾಮಾನು ತುಂಬಿದರೆ ಹಾಲು ಸಣ್ಣದು ಕಾಣುತ್ತದೆ ಎಂದು ಒಂದು ಸೋಫಾ, ಒಂದು ಟಿವಿ ಮತ್ತು ಅತ್ತೆಯ ಹೊರಸು ಬಿಟ್ಟರೆ ಅಲ್ಲಿ ಏನೂ ಇಡುವ ಹಾಗಿರಲಿಲ್ಲ. ಹೊರಸಿಗೂ ಮಾವ ಪ್ರವೇಶ ಕೊಡುತ್ತಿರಲಿಲ್ಲ. ವಾಸ್ತುಶಾಂತಿಯ ದಿನವೇ ಅತ್ತೆ ಅದರ ಮೇಲೆ ಕೂತುಬಿಟ್ಟಿದ್ದರಿಂದ ಉಳಿದುಕೊಂಡಿತು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾವನ ಅಪ್ಪಣೆ ಬೇಕಿತ್ತು, ಮತ್ತು ಅಪ್ಪಣೆ ಯಾವತ್ತೂ ಸಿಗುತ್ತಿರಲಿಲ್ಲ.

ಗೋಡೆಗೂ ಕಿವಿ ಇರುತ್ತವೆ ಅನ್ನುತ್ತಾರಲ್ಲ, ನಮ್ಮ ಗೋಡೆಗಳಿಗೆ ಬಾಯಿ ಇತ್ತು. ಒಂದು ಚಮಚ ಬಿದ್ದರೆ ಆ ಸದ್ದು ಛತ್ತಿಗೆ ಹೋಗಿ, ಗಾಜಿಗೆ ಬಡಿದು, ತಿರುಗಿ ಬಂದು ನಮ್ಮೆದುರು ಇನ್ನೊಮ್ಮೆ ಬೀಳುತ್ತಿತ್ತು. ಆ ಮನೆಗೆ ಬಂದ ಮೇಲೆ ನಾವೆಲ್ಲ ನಮಗೆ ಗೊತ್ತಿಲ್ಲದೆಯೇ ದನಿ ಏರಿಸಿ ಮಾತಾಡತೊಡಗಿದೆವು. ದೊಡ್ಡ ಮನೆ ಆಯಿತು, ಇವರ ಗಂಟಲೂ ದೊಡ್ಡದಾಯಿತು ಎಂದು ಓಣಿಯವರು ಆಡಿಕೊಂಡರು.

ಅತ್ತೆ ಮಾತ್ರ ಮೆತ್ತಗಾದರು. ಹಳೆಯ ಮನೆಯಲ್ಲಿ ಹಿತ್ತಲಲ್ಲಿ ಬೆಕ್ಕು ನಡೆದರೆ ಪಡಸಾಲೆಯಲ್ಲಿ ಕೂತು ಬೈಯುತ್ತಿದ್ದ ಹೆಂಗಸು ಇಲ್ಲಿಗೆ ಬಂದ ಮೇಲೆ ಮಾತು ಮಾತಿಗೆ "ಏನಂದಿ?" ಅನ್ನತೊಡಗಿದರು. ಆಮೇಲೆ ಅದನ್ನೂ ಬಿಟ್ಟರು. ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡೆದು, ನಮ್ಮ ಮುಖ ನೋಡಿ ನಗುತ್ತಿದ್ದರು.

ಒಂದು ದಿನ ಮಾವ ಹೊರಗಿನಿಂದ ಬಂದವರೇ, ಕಬ್ಬು ಕಡಿಯುವ ಟೋಳಿ ಬಂದಿದೆ, ಟೋಳಿಗೆ ಚಹಾ ಮಾಡಿರಿ ಎಂದು ಬಾಗಿಲಿನಿಂದಲೇ ಕೂಗಿ ಹೋದರು. ಅತ್ತೆಗೆ ಕೇಳಿಸಿದ್ದು ಹೋಳಿಗೆ. ಯಾರೋ ದೊಡ್ಡವರು ಬಂದಿರಬೇಕು ಎಂದುಕೊಂಡು ಅವರು ಒಲೆಗೆ ಕಡಲೆಬೇಳೆ ಏರಿಸಿ, ಬೆಲ್ಲ ಹಾಕಿ, ಹೂರಣ ರುಬ್ಬಿ, ಮಧ್ಯಾಹ್ನದ ಹೊತ್ತಿಗೆ ಒಂದು ಬುಟ್ಟಿ ತುಂಬ ಹೋಳಿಗೆ ಮಾಡಿಟ್ಟರು. ಕಬ್ಬು ಕಡಿಯುವವರು ತುಪ್ಪ ಹಚ್ಚಿಕೊಂಡು ತಿಂದು, ಇಂಥ ಮಾಲಕರು ಎಲ್ಲೂ ಇಲ್ಲ ಎಂದು ಮರಾಠಿಯಲ್ಲಿ ಹಾಡಿ ಹೊಗಳಿದರು. ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಅತ್ತೆ ಆ ದಿನ ತಡವಾಗಿಯೂ ನಗಲಿಲ್ಲ.

ಸಂಜೆ ನನ್ನನ್ನು ಹೊರಸಿನ ಹತ್ತಿರ ಕರೆದರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೀಲಿಗೊಂಚಲನ್ನು ಕೈಯಲ್ಲಿ ಹಿಡಿದಿದ್ದರು.

"ಬೇದಾಣಾ ತಾಸಗಾಂವಿಗೆ ಹೋದ ಮರುದಿನ ಈ ಮನಿ ಕಾರಭಾರ ನಿಂದು, ಸೀಮಾ. ಕೇಳಸದಾಕಿ ಕೈಯಾಗ ಕೀಲಿ ಇರಬಾರ್ದು."

ಬೇದಾಣಾ ಅಂದರೆ ಒಣದ್ರಾಕ್ಷಿ. ಅದು ತಾಸಗಾಂವಿನ ಮಾರುಕಟ್ಟೆಗೆ ಹೋದ ಮೇಲೆಯೇ ನಮ್ಮ ಕಡೆ ವರ್ಷ ಮುಗಿದಂತೆ. ಸೊಸೆಯಂದಿರು ಕೀಲಿಗಾಗಿ ಕಾಯುತ್ತಾರೆ ಎಂದು ಲೋಕ ನಂಬಿದೆ. ನಾನು ರಾಯಬಾಗದಿಂದ ಈ ಮನೆಗೆ ಬಂದಾಗಿನಿಂದ ಆ ಕೀಲಿಗೊಂಚಲಿನಿಂದ ದೂರ ಉಳಿದವಳು. ಆಳುಗಳ ಊಟ, ಎಮ್ಮೆಯ ಹಾಲು, ನೆಂಟರ ಮುನಿಸು, ಎಲ್ಲಕ್ಕಿಂತ ಮೇಲಾಗಿ ಮಾವ, ಇಷ್ಟನ್ನೂ ಒಂದು ಹುಬ್ಬು ಏರಿಸಿ ನಡೆಸುವ ಶಕ್ತಿ ಅವರಿಗಿತ್ತು, ನನಗಿಲ್ಲ. ಅದು ನನ್ನ ಸ್ವಾರ್ಥವಾಯಿತು. ನಿಜವಾದ ಮಾತೆಂದರೆ ಅವರ ಬೈಗುಳ ಕೇಳದೆ ನನಗೆ ಮನೆ ಮನೆ ಅನ್ನಿಸುತ್ತಿರಲಿಲ್ಲ. ಮೂಲೆಗೆ ಸರಿದು ಕೂಡುವ ಚನ್ನವ್ವನನ್ನು ನೋಡುವುದು ನನಗೆ ಬೇಕಾಗಿರಲಿಲ್ಲ.

ನನ್ನ ಗಂಡ ಭರತ, ನಾನು ನಮ್ಮವರು ಅನ್ನುತ್ತೇನೆ, ಚಿಕ್ಕೋಡಿಯ ಕಿವಿ ಡಾಕ್ಟರ ಹತ್ತಿರ ಹೋಗೋಣ ಅಂದರು. ಅತ್ತೆ ಅದನ್ನೂ ಬೇದಾಣಾ ಮುಗಿದ ಮೇಲೆ ಎಂದು ಮುಂದೆ ಹಾಕಿದರು. ಕಾಗವಾಡದ ಅವರ ಗೆಳತಿ ಗೌರಾಬಾಯಿ ಕಿವಿಗೆ ಮಶೀನು ಹಾಕಿಸಿಕೊಂಡಾಗಿನಿಂದ ಮಂದಿ ಅವಳ ಜೊತೆ ಎಮ್ಮೆ ಕರೆದ ಹಾಗೆ ಮಾತಾಡುತ್ತಾರಂತೆ. ಆ ಮರ್ಯಾದೆ ನನಗೆ ಬೇಡ ಅಂದರು.

ಮಾವನಿಗೆ ಇದೆಲ್ಲ ತಿಳಿಯುತ್ತಿಲ್ಲ ಎಂದು ನಾನು ಅಂದುಕೊಂಡಿದ್ದೆ. ಹೆಂಡತಿಗೆ ಒಂದು ಸೀರೆಯನ್ನೂ ಕೈಯಾರೆ ತಂದವರಲ್ಲ ಅವರು. ಆದರೆ ಒಂದು ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, ಕಿವಿ ಸಣ್ಣದಾದರೆ ದನಿ ದೊಡ್ಡದು ಮಾಡಬೇಕು, ಅಷ್ಟೇ ಎಂದರು. ಅತ್ತೆಯ ತವರಾದ ನಮ್ಮ ಕಡೆಯ ಅನಂತಪುರದ ಭಜನಾ ಮೇಳದ ಪದಗಳು ನಮ್ಮವರ ಫೋನಿನಲ್ಲಿದ್ದವು. ಅದರಲ್ಲಿ ತಾಳ ಹಾಕುವವರು ಅತ್ತೆಯ ಅಣ್ಣ ಜಕ್ಕಪ್ಪ. ಹಳೆಯ ಮನೆಯಲ್ಲಿ ಪ್ರತಿ ಸೋಮವಾರ ಅದನ್ನು ಹಚ್ಚಿಸಿಕೊಂಡು ಕೇಳುತ್ತಿದ್ದ ಅತ್ತೆ ಇಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವರಿಗಾಗಿ ಹಾಲಿಗೆ ಒಳ್ಳೆಯ ಸ್ಪೀಕರು ತರೋಣ ಎಂದು ಅಪ್ಪ ಮಗ ಒಪ್ಪಿಕೊಂಡರು. ಅಪ್ಪ ಮಗ ಒಂದು ವಿಷಯಕ್ಕೆ ಒಪ್ಪಿಕೊಂಡಾಗಲೇ ನಾನು ಹೆದರಬೇಕಿತ್ತು.

ನಮ್ಮವರು ನಿಪ್ಪಾಣಿಯ ಧರಣೇಂದ್ರ ಎಂಬ ಸ್ಪೀಕರು ಅಂಗಡಿಯವರ ಜೊತೆ ಮಾತಾಡಿ, ಮನೆಗೆ ಡಾಲ್ಬಿ ಹಚ್ಚುವುದು ಚೆನ್ನಾಗಿರುತ್ತದಂತೆ ಎಂದು ಅಪ್ಪನಿಗೆ ಹೇಳಿ ಕಬ್ಬಿನ ಗಾಣದ ಕಡೆ ಹೋದರು. ಅವರ ತಲೆಯಲ್ಲಿದ್ದದ್ದು ಸಿನೆಮಾ ನೋಡಲು ಟಿವಿಗೆ ಹಚ್ಚುವ ಸ್ಪೀಕರುಗಳು. ಆದರೆ ನಮ್ಮ ಕಡೆ ಡಾಲ್ಬಿ ಅಂದರೆ ಟ್ರ್ಯಾಕ್ಟರಿನ ಮೇಲೆ ಗೋಡೆ ಕಟ್ಟಿದಂತೆ ಪೆಟ್ಟಿಗೆಗಳನ್ನು ಏರಿಸಿ, ಗಣಪತಿ ಬಿಡುವಾಗ, ಮದುವೆಯ ವರಾತಿ ಮೆರವಣಿಗೆಯಲ್ಲಿ ಊರು ನಡುಗಿಸುತ್ತಾರಲ್ಲ, ಅದು. ಅದು ಓಣಿ ದಾಟಿದ ದಿನ ಎಮ್ಮೆಗಳು ಹಾಲು ಬಿಡುವುದಿಲ್ಲ. ಮಾವನಿಗೆ ಗೊತ್ತಿದ್ದ ಡಾಲ್ಬಿಯೂ ಅದೊಂದೇ. ಅದನ್ನು ಬಾಡಿಗೆಗೆ ಕೊಡುವ ಏಕಸಂಬಿಯ ಕಾಡಸಿದ್ದನ ನಂಬರು ಅವರ ಫೋನಿನಲ್ಲಿಯೇ ಇತ್ತು.

ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರು ನಮ್ಮ ಬಾಗಿಲಿಗೆ ಬಂದು ನಿಂತಿತು. ಮೇಲೆ ಹಗ್ಗ ಬಿಗಿದ ಕರಿ ಪೆಟ್ಟಿಗೆಗಳು, ನಡುವೆ ತಿರುಗುವ ದೀಪ, ಮುಂದೆ ಕನ್ನಡಕ ಹಾಕಿಕೊಂಡ ಕಾಡಸಿದ್ದ. ಇಳಿದವನೇ ಕೈಮುಗಿದು ಲಗ್ನ ಯಾರದು ಎಂದು ಕೇಳಿದ. ಅಷ್ಟರಲ್ಲಿ ಪಕ್ಕದ ಮನೆಯ ಕೋಮಲ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಓಡಿ ಬಂದಳು. ಇಷ್ಟು ಹತ್ತಿರ ಇದ್ದೂ ಹೇಳಲಿಲ್ಲವಲ್ಲ ಎಂದು ನನ್ನ ಮೇಲೆ ಮುನಿಸು. ನನ್ನ ಮಗಳು ಸೋನಾಲಿ ಇನ್ನೂ ಎಂಟನೆಯ ಇಯತ್ತೆಯಲ್ಲಿದ್ದಾಳೆ; ಅವಳ ನಿಶ್ಚಯವಾಯಿತಂತೆ ಎಂಬ ಸುದ್ದಿ ಚಹಾ ಕುದಿಯುವ ಮೊದಲೇ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂತು.

ಇದು ಬಯಲಲ್ಲಿ ಹಚ್ಚುವ ಸಾಮಾನು, ಮನೆಯೊಳಗೆ ಬೇಡ ಎಂದು ಕಾಡಸಿದ್ದ ಪರಿಪರಿಯಾಗಿ ಹೇಳಿದ. ಮಾವ ಕೇಳಬೇಕಲ್ಲ. ನಾಲ್ಕು ಮಂದಿ ಒಂದು ಪೆಟ್ಟಿಗೆಯನ್ನು ಹೊತ್ತು ತಂದು ಹಾಲಿನ ಮೂಲೆಗೆ ಇಟ್ಟರು. ಅತ್ತೆಯನ್ನು ಹೊರಸಿನ ಮೇಲೆ ಎದುರಿಗೆ ಕೂರಿಸಿದರು. ಅನಂತಪುರದ ಭಜನೆ ಶುರುವಾಯಿತು.

ಏನು ಹೇಳಲಿ. ಗಾಜು ಬಡಬಡಿಸಿತು. ಅಡುಗೆಮನೆಯಲ್ಲಿ ತಟ್ಟೆಗಳು ತಾವೇ ತಾಳ ಹಾಕಿದವು. ಛತ್ತಿನ ಮೇಲಿದ್ದ ಹಲ್ಲಿ ಕೆಳಗೆ ಬಿದ್ದು, ಗ್ರಾನೈಟಿನ ಮೇಲೆ ಜಾರುತ್ತ ಹೊರಗೆ ಓಡಿತು. ಮಾವ ಕೈ ಮಾಡಿ ನಿಲ್ಲಿಸಿ, ಹೆಂಡತಿಯ ಮುಂದೆ ಬಗ್ಗಿ ಕೇಳಿಸಿತೇ ಎಂದರು. ಅವರ ಮುಖದಲ್ಲಿ ಅಂಥ ಆಸೆ ಇತ್ತು, ಮೊದಲ ಸಲ ನನಗೆ ಮಾವನ ಮೇಲೆ ಪ್ರೀತಿ ಉಕ್ಕಿತು.

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು ಅಂದರು, "ಎದ್ಯಾಗ ಬಂತ್ರಿ. ಕಿವ್ಯಾಗ ಬರಲಿಲ್ಲ."

ಯಾವ ಪದ ಹಾಡಿದರು ಎಂದು ಮಾವ ಉಳಿದವರನ್ನು ಕೇಳಿದರು. ಕಾಡಸಿದ್ದ ನನ್ನ ಮುಖ ನೋಡಿದ, ನಾನು ಕೋಮಲಳ ಮುಖ ನೋಡಿದೆ. ನಮಗ್ಯಾರಿಗೂ ಒಂದು ಶಬ್ದವೂ ತಿಳಿದಿರಲಿಲ್ಲ. ಆದರೆ ಕಿವುಡು ಅತ್ತೆಗೆ ಎಂದು ಆಗಲೇ ತೀರ್ಮಾನವಾಗಿತ್ತು, ಹಾಗಾಗಿ ಅದು ಯಾರ ತಲೆಗೂ ಹೊಳೆಯಲಿಲ್ಲ. ಬಂದ ತಪ್ಪಿಗೆ ಕಾಡಸಿದ್ದ ಎರಡು ತಟ್ಟೆ ಅವಲಕ್ಕಿ ತಿಂದು ಹೋದ.

ನಡೆದದ್ದನ್ನು ಕೇಳಿ ನಿಪ್ಪಾಣಿಯ ಧರಣೇಂದ್ರ ಅವರೇ ಬಂದರು. ಬೆಳ್ಳಗಿನ ಇಸ್ತ್ರಿ ಅಂಗಿಯ, ಬಾಯಿ ಜೋರಿನ ಮನುಷ್ಯ. ಕೈಯಲ್ಲಿ ಒಂದು ಜೋಡಿ ಸ್ಪೀಕರು. ಅವುಗಳ ಗಾತ್ರ ನೋಡಿ ಮಾವ, ಇವುಗಳಲ್ಲಿ ಗುಬ್ಬಿ ಸಾಕುತ್ತೀರೇನು ಎಂದು ಕೇಳಿದರು. ಧರಣೇಂದ್ರ ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಛತ್ತಿಗೆ ಹೋಯಿತು, ಗಾಜಿಗೆ ಹೋಯಿತು, ಮೆಟ್ಟಿಲ ಕಡೆ ಹೋಗಿ ಬಂತು, ಕೊನೆಗೆ ಎಲ್ಲೋ ಮೇಲೆ ಗೊಣಗುತ್ತ ಸತ್ತಿತು.

"ಕೇಳಿದ್ರಿಲ್ರಿ ಯಜಮಾನ್ರ? ಅಂಗಿ ಹೊಲಿಯಾವ ಮೊದಲ ಮೈ ಅಳತಿ ತಗೋತಾನ. ಸ್ಪೀಕರಿಗೆ ಖೋಲಿ ಅಳತಿ ತಗೋಬೇಕ್ರಿ. ಇಲ್ಲಿ ಒಂದ ಮಾತ ಹೋಗೂದರಾಗ ಇನ್ನೊಂದ ಬಂದ ಅದರ ಮ್ಯಾಲ ಕೂಡತೈತಿ. ಯಾವ ಪೆಟ್ಟಿಗಿ ತಂದ್ರೂ ಅಷ್ಟ."

ಗೋಡೆಗೆ ದಪ್ಪ ಬಟ್ಟೆಯದೇನಾದರೂ ತೂಗುಬಿಡಿರಿ, ಗಾಜಿಗೆ ಪರದೆ ಹಾಕಿರಿ, ನೆಲಕ್ಕೆ ಜಮಖಾನೆ ಹಾಸಿರಿ. ಆಗ ಈ ಸಣ್ಣ ಜೋಡಿ ಸಾಕು ಎಂದು ಅವರು ಹೇಳಿದರು. ಮೂಲೆಗೆ ಇಟ್ಟರೆ ದಪ್ಪ ದನಿ ಅಲ್ಲಿಯೇ ಕೂಡಿಕೊಂಡು ಗುಂಯ್ ಅನ್ನುತ್ತದೆ, ಗೋಡೆಯಿಂದ ಈಚೆಗೆ ತಂದು ಕೂತವರ ಕಿವಿಯ ಎತ್ತರಕ್ಕೆ ಇಡಬೇಕು ಎಂದೂ ಹೇಳಿದರು. ಮಂದಿ ನೋಡಲೆಂದು ಹಾಕಿಸಿದ ಗ್ರಾನೈಟಿನ ಮೇಲೆ ಗೋಣಿತಟ್ಟು ಹಾಸಲೇನು ಎಂದು ಮಾವನಿಗೆ ಸಿಟ್ಟು ಬಂತು. ಹಾಸದಿದ್ದರೆ ನಾನು ಮಾರುವುದಿಲ್ಲ ಎಂದು ಧರಣೇಂದ್ರರಿಗೂ ಸಿಟ್ಟು ಬಂತು. ನಮ್ಮವರು ನಡುವೆ ಬಿದ್ದು, ಒಂದು ವಾರ ಜೋಡಿ ಇಲ್ಲೇ ಇರಲಿ, ಆಮೇಲೆ ಬಂದು ಒಯ್ಯಿರಿ ಎಂದು ಬೇಡಿಕೊಂಡರು. ಇಷ್ಟೆಲ್ಲ ಮಾತು ನಡೆಯುವಾಗ ಅತ್ತೆ ಹೊರಸಿನ ಮೇಲೆ ಕೂತು ಒಬ್ಬೊಬ್ಬರ ತುಟಿಯನ್ನೇ ನೋಡುತ್ತಿದ್ದರು. ತಮ್ಮ ಬಗ್ಗೆಯೇ ಮಾತು ಎಂದು ಗೊತ್ತಿತ್ತು, ಏನು ಮಾತು ಎಂದು ಗೊತ್ತಿರಲಿಲ್ಲ. ಎದ್ದು ಅಡುಗೆಮನೆಗೆ ಹೋದರು.

ಆ ವಾರ ಮುಗಿಯುವುದರೊಳಗೆ ಮೋಡ ಕಟ್ಟಿತು. ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಬೇಸಿಗೆಯ ಮೋಡ ಅಂದರೆ ಹೊಟ್ಟೆಗೆ ಬೆಂಕಿ ಬಿದ್ದಂತೆ. ಬಲೆಯ ಮೇಲೆ ಒಣಗಿದ ಬೇದಾಣಾವನ್ನು ಆಗಷ್ಟೇ ಉದುರಿಸಿ ಶೆಡ್ಡಿನಲ್ಲಿ ಕ್ರೇಟುಗಳಿಗೆ ತುಂಬಿದ್ದೆವು. ಮಧ್ಯಾಹ್ನ ಬೀಸಿದ ಗಾಳಿಗೆ ಶೆಡ್ಡಿನ ಮೇಲಿನ ತಾಡಪತ್ರಿ ಹರಿದು ಕಬ್ಬಿನ ಹೊಲಕ್ಕೆ ಹಾರಿತು. ಹನಿ ಬಿದ್ದರೆ ಹೊನ್ನಿನ ಬಣ್ಣದ ಮಾಲು ಕರ್ರಗಾಗುತ್ತದೆ. ಮಾವ ಹೊಲದಿಂದಲೇ ಕೂಗುತ್ತ ಓಡಿ ಬಂದರು, ಏನು ಕೂಗಿದರೋ ಗಾಳಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಆದರೆ ಅತ್ತೆಗೆ ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಮೋಡ ನೋಡಿದವರೇ ಹಾಲಿನ ಎರಡೂ ಬಾಗಿಲು ತೆಗೆದು, ಸೆರಗು ಕಟ್ಟಿ ನಿಂತಿದ್ದರು. ಕ್ರೇಟುಗಳನ್ನೆಲ್ಲ ಹಾಲಿಗೇ ತರಬೇಕೆಂದು ಕೈಯಲ್ಲೇ ತೋರಿಸಿದರು. ಗ್ರಾನೈಟು, ಗಾಜು ಎಂದು ಮಾವ ಬಾಯಿ ತೆಗೆಯುವುದರೊಳಗೆ ಮೊದಲ ಸಾಲು ಒಳಗೆ ಬಂದಿತ್ತು. ಆಳುಗಳು, ನಾವು, ಕೋಮಲಳ ಮನೆಯವರು ಸೇರಿ ಒಂದರ ಮೇಲೊಂದು ಏರಿಸುತ್ತ ಹೋದೆವು. ಹಾಲಿನ ನಡುವೆ ಬೇದಾಣಾದ ಒಂದು ಗೋಡೆಯೇ ಎದ್ದಿತು, ಮನೆ ತುಂಬ ಸಿಹಿ ವಾಸನೆ.

ಆಮೇಲೆ ಅತ್ತೆ ನನ್ನನ್ನು ಮಾಳಿಗೆಯ ಮೇಲೆ ಹತ್ತಿಸಿದರು. ಹಳೆಯ ಮನೆಯಿಂದ ತಂದ ಕೌದಿಗಳು ಅಲ್ಲಿ ಗಂಟು ಕಟ್ಟಿ ಬಿದ್ದಿದ್ದವು. ಅತ್ತೆ ಹರೆಯದಿಂದಲೂ ಹೊಲಿದವು ಅವು, ಹಳೆಯ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ತುಂಡು ತುಂಡಾಗಿ ಕೂಡಿಸಿದ್ದು. ಹೊಸ ಮನೆಗೆ ಇವು ಒಪ್ಪುವುದಿಲ್ಲ ಎಂದು ಮಾವ ಮೇಲೆ ಹಾಕಿಸಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಅತ್ತೆ ಒಂದೊಂದನ್ನೇ ಬಿಚ್ಚಿಸಿ ಕ್ರೇಟುಗಳ ಮೇಲೆ ಹೊದಿಸಿದರು, ತಂಪು ಗಾಳಿ ತಾಗದಂತೆ ಗಾಜಿನ ಉದ್ದಕ್ಕೂ ಹಗ್ಗ ಕಟ್ಟಿಸಿ ತೂಗುಬಿಟ್ಟರು, ನೆಲದ ಮೇಲೆಯೂ ಹಾಸಿಸಿದರು. ಹೊರಗೆ ಮಳೆ ಸುರಿಯತೊಡಗಿತು. ಬೇದಾಣಾಕ್ಕೆ ಒಂದು ಹನಿಯೂ ತಾಗಲಿಲ್ಲ.

ಎಲ್ಲರೂ ಚಹಾ ಕುಡಿದು ದಣಿವಾರಿಸಿಕೊಳ್ಳುತ್ತಿದ್ದೆವು. ಕ್ರೇಟುಗಳ ಗೋಡೆಯ ಈಚೆಗೆ ಹೊರಸಿನ ಮೇಲೆ ಅತ್ತೆ, ಅವರ ಕಾಲ ಬಳಿ ನಾನು. ಆಚೆ ಬದಿಗೆ ಬಾಗಿಲ ಹತ್ತಿರ ಅಪ್ಪ ಮಗ ಕೂತಿದ್ದರು. ಅವರು ನಮಗೆ ಕಾಣುತ್ತಿರಲಿಲ್ಲ. ಮಾವ ಮೆಲ್ಲಗೆ ಮಾತಾಡುತ್ತಿದ್ದರು, ಆ ಮನೆಗೆ ಬಂದ ಮೇಲೆ ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈ ಮನಿ ಅಕಿ ಸಲುವಾಗಿ ಕಟ್ಟಿಸಿದ್ದೆ, ಭರತ. ಅಕಿ ಬೈಯೂದ ನಿಂತ ಮ್ಯಾಲ ಇದು ಮನಿ ಅನಸವಲ್ದು. ಬೇದಾಣಾ ಹೋದ ಮ್ಯಾಲ ಇದನ್ನ ಯಾರಿಗರೆ ಕೊಟ್ಟ, ಹಳೇ ಮನಿಗಿ ಹೋಗೂಣು."

ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಆಗ ನನ್ನ ತಲೆಯ ಮೇಲಿನಿಂದ, ಹಳೆಯ ಪಡಸಾಲೆಯ ಆ ದನಿ ಬಂತು.

"ಯಾರ್ನ ಕೇಳಿ ಕೊಡಾವ್ರ ಅದೀರಿ? ಮೊದಲ ಆ ಬಾಗಲಾ ಮುಚ್ಚರಿ, ಮಳಿ ಒಳಗ ಬರಾಕತ್ತೈತಿ."

ಆಚೆ ಬದಿಯಲ್ಲಿ ಚಹಾದ ಬಸಿ ಬಿದ್ದು ಒಡೆಯಿತು. ಒಂದೇ ಸಲ ಒಡೆಯಿತು, ಎರಡನೆಯ ಸಲ ಒಡೆದ ಸದ್ದು ಬರಲಿಲ್ಲ. ಮಾವ ಪರೀಕ್ಷೆ ಮಾಡುವವರ ಹಾಗೆ ಇನ್ನೂ ಸಣ್ಣ ದನಿಯಲ್ಲಿ, ಇನ್ನೊಂದು ಕಪ್ ಚಹಾ ಬೇಕಾಗಿತ್ತು ಎಂದರು. ಈಗಷ್ಟೇ ಕುಡಿದಿದ್ದೀರಿ, ಬಸಿ ಬೇರೆ ಒಡೆದಿದ್ದೀರಿ ಎಂದು ಇಲ್ಲಿಂದ ಉತ್ತರ ಹೋಯಿತು.

ನಮ್ಮವರು ಓಡಿ ಬಂದು ಹಾಲಿನ ನಡುವೆ ನಿಂತು ಧರಣೇಂದ್ರರ ಹಾಗೆ ಚಪ್ಪಾಳೆ ಹೊಡೆದರು. ಚಪ್ಪಾಳೆ ಎಲ್ಲಿ ಹುಟ್ಟಿತೋ ಅಲ್ಲೇ ಮುಗಿಯಿತು. ಇನ್ನೊಮ್ಮೆ ಹೊಡೆದರು, ಹಾಗೇ ಆಯಿತು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಆ ಸಣ್ಣ ಜೋಡಿಯನ್ನು ಎರಡು ಸ್ಟೂಲುಗಳ ಮೇಲೆ, ಗೋಡೆಯಿಂದ ಈಚೆಗೆ, ಹೊರಸಿನ ಕಡೆ ಮುಖ ಮಾಡಿ ಇಟ್ಟು ಅನಂತಪುರದ ಭಜನೆ ಹಚ್ಚಿದರು. ದನಿ ದೊಡ್ಡದಿರಲಿಲ್ಲ. ಏಕತಾರಿಯ ತಂತಿ, ದಮ್ಮಡಿ, ಹಾಡುವವನು ನಡುವೆ ಉಸಿರು ಎಳೆದುಕೊಂಡದ್ದು, ಎಲ್ಲವೂ ನಮ್ಮ ಜೊತೆ ಕೌದಿಯ ಮೇಲೆ ಕೂತು ಹಾಡಿದಷ್ಟು ಹತ್ತಿರ.

ಅತ್ತೆ ಕಣ್ಣು ಮುಚ್ಚಿ ಕೇಳಿದರು. ನಡುವೆ ಒಮ್ಮೆ ಹುಬ್ಬು ಏರಿತು.

"ನಮ್ಮ ಜಕ್ಕಣ್ಣ ತಾಳ ತಪ್ಪ್ಯಾನ."

ನಮ್ಮವರು ಹಿಂದೆ ಸರಿಸಿ ಮತ್ತೆ ಹಚ್ಚಿದರು. ಹೌದು, ತಪ್ಪಿದ್ದರು. ಎಲ್ಲರೂ ನಕ್ಕರು, ಅತ್ತೆ ಎಲ್ಲರಿಗಿಂತ ಮೊದಲು ನಕ್ಕರು. ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡರು.

"ನಾ ಕಿವುಡಿ ಅಲ್ಲ ಬೇ, ಸೀಮಾ."

"ಅಲ್ರಿ ಅತ್ತಿ. ಮನೀನ ಒದರತಿತ್ರಿ," ಅಂದೆ. ಇಬ್ಬರೂ ಅತ್ತೆವು, ಆದರೆ ಅದು ಸುಖದ ಅಳು. ಮಾವ ಆ ಕಡೆ ಮುಖ ಮಾಡಿಕೊಂಡು ಬಸಿಯ ಚೂರು ಆರಿಸುತ್ತಿದ್ದರು, ಆರಿಸಲು ಅಷ್ಟು ಚೂರುಗಳು ಇರಲಿಲ್ಲ.

ಮಳೆ ನಿಂತು, ಬಿಸಿಲು ಬಂದು, ಬೇದಾಣಾ ಲಾರಿ ಏರಿ ತಾಸಗಾಂವಿಗೆ ಹೋಯಿತು. ಕ್ರೇಟುಗಳು ಹೋಗಿ, ಕೌದಿಗಳನ್ನು ಮಡಚಿಟ್ಟದ್ದೇ ಹಾಲು ಮತ್ತೆ ಬಾಯಿ ಬಿಡತೊಡಗಿತು. ಆ ದಿನ ಮಾವ ಯಾರಿಗೂ ಹೇಳದೆ ಸುತ್ತಿಗೆ ಹಿಡಿದು ನಿಚ್ಚಣಿಕೆ ಏರಿದರು. ಯಾರಿಗೂ ಮುಟ್ಟಲು ಕೊಡದ ಗೋಡೆಗೆ ತಾವೇ ಮೊಳೆ ಹೊಡೆದು, ಒಂದೊಂದೇ ಕೌದಿ ತೂಗುಹಾಕಿದರು. ಒಂದು ಸೊಟ್ಟ ಆಯಿತು ಎಂದು ಅತ್ತೆ ಕೆಳಗಿನಿಂದ ಬೈದರು, ಅವರು ಇಳಿದು ಮತ್ತೆ ಹತ್ತಿ ನೆಟ್ಟಗೆ ಮಾಡಿದರು. ಅವರು ಅಷ್ಟು ಖುಷಿಯಿಂದ ಬೈಸಿಕೊಂಡದ್ದನ್ನು ನಾನು ನೋಡಿರಲಿಲ್ಲ. ಸ್ಪೀಕರು ಒಯ್ಯಲು ಬಂದ ಧರಣೇಂದ್ರ ಒಂದು ಚಪ್ಪಾಳೆ ಹೊಡೆದು, ಕೌದಿಗಳನ್ನು ನೋಡಿ, ಇಂಥ ಕೌದಿ ನಮ್ಮ ಅಂಗಡಿಗೂ ಎರಡು ಹೊಲಿದು ಕೊಡಿರಿ ಎಂದು ಅತ್ತೆಯನ್ನು ಕೇಳಿದರು. ಇದಕ್ಕಿಂತ ದೊಡ್ಡ ಜೋಡಿ ಇದೆಯೇ ಎಂದು ಮಾವ ಚಟ ಬಿಡದೆ ಕೇಳಿದಾಗ, ಇವೇ ಇರಲಿ, ಗುಬ್ಬಿ ಸಾಕುತ್ತೇನೆ ಎಂದು ಅತ್ತೆ ವ್ಯವಹಾರ ಮುಗಿಸಿದರು. ಚಿಕ್ಕೋಡಿಯ ಡಾಕ್ಟರೂ ಆಮೇಲೆ ನೋಡಿ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಕಡಿಮೆ ಇದೆ, ಮಶೀನು ಬೇಕಾಗುವಷ್ಟಲ್ಲ ಅಂದರು.

ಆದರೆ ಬೇದಾಣಾ ಹೋದ ಮರುದಿನದ ಮಾತು ನನಗೆ ನೆನಪಿತ್ತು. ಆ ಮರುದಿನ ಬೆಳಿಗ್ಗೆಯಿಂದ ಅತ್ತೆಯ ಸೊಂಟದ ಕೀಲಿಗೊಂಚಲನ್ನೇ ನೋಡುತ್ತಿದ್ದೆ. ಅವರು ಹೊರಸಿನ ಮೇಲೆ ಕೂತು ಅದನ್ನು ತೆಗೆದು ಒಂದೊಂದೇ ಕೀಲಿಯನ್ನು ಸೆರಗಿನಿಂದ ಒರೆಸತೊಡಗಿದಾಗ ನಾನು ಅಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ ಓಡಿ, ನಮ್ಮವರ ಕಿವಿಯ ಹತ್ತಿರ ಬಾಯಿ ಇಟ್ಟು, ಅತ್ತೆ ಕೀಲಿ ಕೊಟ್ಟರೆ ನಾನು ರಾಯಬಾಗಕ್ಕೆ ಹೋಗಿಬಿಡುತ್ತೇನೆ ನೋಡಿರಿ ಎಂದು ಪಿಸುಗುಟ್ಟಿದೆ.

ಹಾಲಿನಿಂದ ದನಿ ಬಂತು.

"ರಾಯಬಾಗಕ್ಕ ಹೋಗಬೇಕಾದ್ರ ನನ್ನ ಕೇಳಬೇಕು. ಕಾರಭಾರ ಇನ್ನೂ ನಂದ ಐತಿ."

ಕೀಲಿಗೊಂಚಲು ಸೊಂಟಕ್ಕೆ ವಾಪಸ್ಸು ಸೇರಿದ ಸದ್ದು ನನಗೆ ಅಡುಗೆಮನೆಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಹೂಂ ಅತ್ತಿ ಎಂದು ಅಲ್ಲಿಂದಲೇ ಮೆಲ್ಲಗೆ ಹೇಳಿ, ಎಲ್ಲರಿಗೂ ಚಹಾಕ್ಕೆ ಇಟ್ಟೆ.